ನಿಮಿಷ ಅರ್ಧವಾದ ದೀಪಾವಳಿ

ಮಲೆನಾಡಿನ ಕೊಪ್ಪದ ಹತ್ತಿರ, ಭಂಡಿಗಡಿಯ ಒಂದು ಮನೆಯಲ್ಲಿ ಇಳಕಲ್ ಸೀರೆ ಬಿಡಿಸಿ ಎಂಟುನೂರು ಎಂದೆ. ನಮ್ಮ ಗದಗದಲ್ಲಾದರೆ ಅವರು ಮುನ್ನೂರು ಎನ್ನಬೇಕು, ನಾನು ಎದೆ ಬಡಿದುಕೊಳ್ಳಬೇಕು, ಐನೂರಕ್ಕೆ ಇಬ್ಬರೂ ನಗಬೇಕು. ಆ ಅಮ್ಮ ಸೆರಗು ಸವರಿ, "ಚಂದ ಇದೆ. ನಮ್ಗೆ ಬೇಡ ಮಾರಾಯ್ತಿ. ಕೂತ್ಕೊ, ಕಾಫಿ ಕುಡ್ದು ಹೋಗು" ಅಂದರು. ಅಷ್ಟೇ! ಚೌಕಾಸಿಗೆ ಬಾಯಿ ತೆರೆಯದ ಸೀಮೆಯಲ್ಲಿ ಹೇಗಪ್ಪಾ ಬದುಕುವುದು ಎನ್ನುತ್ತಲೇ ಸೀರೆ ಮಡಿಚಿದೆ.

ಗಂಡ ತೀರಿದ ಮೇಲೆ ಸೀರೆ ಗಂಟು ಹೊತ್ತು ಕೊಪ್ಪಕ್ಕೆ ಬಂದವಳು ನಾನು. ಎಂಟು ವರ್ಷದ ಮಗಳು ಶಾಂತಾಳನ್ನು ಬೆಟಗೇರಿಯಲ್ಲಿ ಅಕ್ಕನ ಬಳಿ ಬಿಟ್ಟಿದ್ದೆ, ಒಳ್ಳೆಯ ಕೋಣೆ ಸಿಕ್ಕ ಕೂಡಲೇ ಕರೆದೊಯ್ಯುತ್ತೇನೆಂದು. ಈ ಕಡೆ ವ್ಯಾಪಾರಕ್ಕೆ ಬರುವ ನಮ್ಮ ಮಂದಿಗೆ ಹೇಳುತ್ತೇನೆ: ಇಲ್ಲಿ ಮೊದಲೇ ಸರಿಯಾದ ಬೆಲೆ ಹೇಳಿ. ಕಿಗ್ಗದ ಕಾಡಿನ ಕಡೆ ಹೋದರೆ ಕಾಲು ನೋಡಿಕೊಳ್ಳಿ. ಇಂಬಳ ಎಂಬ ರಕ್ತ ಹೀರುವ ಹುಳ ಕಚ್ಚಿದ್ದೇ ತಿಳಿಯುವುದಿಲ್ಲ. ಜೋಳದ ಹಿಟ್ಟು ಊರಿಂದಲೇ ತನ್ನಿ. ಅಕ್ಕಿ ರೊಟ್ಟಿ ಎಷ್ಟು ತಿಂದರೂ ನನಗೆ ಉಂಡಂತಾಗಲಿಲ್ಲ.

ಭಾನುವಾರಕ್ಕೊಮ್ಮೆ ಅಕ್ಕನ ನೆರೆಮನೆಯ ಫೋನಿಗೆ ಮಾತು. ಮೊಬೈಲಿಗೆ ಕರೆ ದರ ಇಳಿಸುವ ಹಳದಿ ಕಾರ್ಡು ಹಾಕಿಸುತ್ತಿದ್ದೆ, ನಿಮಿಷಕ್ಕೆ ಐವತ್ತು ಪೈಸೆ. ಎರಡು ವರ್ಷ ಶಾಂತಾ ಕೇಳಿದ್ದು ಒಂದೇ: "ಅವ್ವಾ, ಕೋಣಿ ಸಿಕ್ತೇನ?" ನಾನು ಹೇಳಿದ್ದೂ ಒಂದೇ: "ಮುಂದಿನ ತಿಂಗಳ."

ದೀಪಾವಳಿಯ ಬೆಳಿಗ್ಗೆ ಆರು ರೂಪಾಯಿ ಉಳಿದಿತ್ತು. ಹನ್ನೆರಡು ನಿಮಿಷ, ಬೇಕಾದಷ್ಟಾಯಿತು. ಕೋಣೆ ಸಿಕ್ಕಿತ್ತು, ಶಾಲೆಯಲ್ಲೂ ಮಾತಾಡಿದ್ದೆ. ಆದರೆ ಒಳ್ಳೆಯ ಸೀರೆಯನ್ನು ಗಂಟಿನ ತಳದಿಂದ ಕೊನೆಗೆ ತೆಗೆಯುವುದು ನನ್ನ ಕಸುಬು. ಲಂಗದ ಬಣ್ಣ ಕೇಳಿದೆ, ಕರ್ಚಿಕಾಯಿ ಎಷ್ಟು ತಿಂದೆ ಎಂದೆ.

"ಅದಿರ್ಲಿ. ನಾ ಬರ್ಲೋ ಬ್ಯಾಡೋ? ಇವತ್ತ ಖರೆ ಹೇಳ್ಬಿಡು."

ಬಾಯಿ ತೆರೆಯುವಷ್ಟರಲ್ಲಿ, ಆರೇ ನಿಮಿಷಕ್ಕೆ, ಹಣ ಮುಗಿದು ಫೋನ್ ಸತ್ತಿತು.

ಹಬ್ಬವೆಂದು ಅಂಗಡಿ, ಬೂತು ಎಲ್ಲ ಬಾಗಿಲು ಹಾಕಿತ್ತು. ಮನೆ ಮಾಲೀಕರ ಫೋನ್ ಕೇಳಬಹುದಿತ್ತು. ಒಬ್ಬರ ಮುಂದೆ ಕೈಚಾಚದ ಹಮ್ಮು ನನ್ನದು, ಕೇಳಲಿಲ್ಲ.

ಮರುದಿನ ಅಂಗಡಿ ತೆರೆದ ಕೂಡಲೇ ಹೋದೆ. ಅಂಗಡಿಯವನು ಕಾರ್ಡು ತಿರುಗಿಸಿ ಇರುವೆಯಂಥ ಅಕ್ಷರ ತೋರಿಸಿದ. "ರೇಟೆಂತ ಏರ್ಲಿಲ್ಲ ಮಾರಾಯ್ತಿ, ಅದೇ ಐವತ್ತು ಪೈಸೆ. ಮುಂಚೆ ಒಂದು ನಿಮಿಷಕ್ಕಿತ್ತು, ಈಗ ಅರ್ಧಕ್ಕೆ."

"ಇದು ಹಾಡಹಗಲ ದರೋಡೆರೀ!"

"ನನ್ನ ಬೈದು ಎಂತ ಮಾಡ್ತಿ? ಕಂಪನಿಗೆ ಬೈ."

ಬೈದೆ. ಹೊಸ ಹಣ ಹಾಕಿಸಿ ಮೊದಲು ಮಾಡಿದ ಕರೆ ಕಂಪನಿಗೆ. ಅವರು ಕಾಯಿಸಿದರು, ಬೇರೆಯವರಿಗೆ ಕೊಟ್ಟರು, ಮತ್ತೆ ಕಾಯಿಸಿದರು. ನಾನು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ರೂಪಾಯಿ ವಾಪಸ್ ಪಡೆದು, ಗೆದ್ದವಳಂತೆ ಬೆಟಗೇರಿಗೆ ಫೋನ್ ಹಚ್ಚಿದೆ.

ಅಕ್ಕ ಫೋನಿಗೆ ಬಂದಳು. "ನಿನ್ನಿ ಇಡೀ ದಿನ ಹುಡುಗಿ ಈ ಫೋನಿನವರ ಕಟ್ಟಿ ಮ್ಯಾಲೆ ಕುಂತಿತ್ತವಾ. ಉಣ್ಣಾಕೂ ಏಳಲಿಲ್ಲ. ಮುಂಜಾನಿನೂ ಬಂದು ನೋಡಿ ಹೋತು. ಈಗ ಬಾ ಅಂದ್ರ ಒಲ್ಲೆ ಅಂತಾಳ."

"ರೊಕ್ಕ ಮುಗದಿತ್ತಕ್ಕಾ! ಕೋಣಿ ಸಿಕ್ಕೈತಂತ ಹೇಳು."

ಅಕ್ಕ ಹೇಳಿ ಬಂದಳು. "ಸುಳ್ಳ ಅಂತಾಳ."

ಅದೇ ವಾರ ಗದಗದ ಬಸ್ಸು ಹತ್ತಿದೆ. ಶಾಂತಾಳಿಗೆ ಕಾರ್ಡು ತೋರಿಸಿದೆ, ಸಣ್ಣ ಅಕ್ಷರ ಓದಿಸಿದೆ. ಜಾಣೆ, ಎಲ್ಲ ಅರ್ಥವಾಯಿತು ಅವಳಿಗೆ. ಕೊನೆಗೆ ಕೇಳಿದಳು: "ಮರುದಿನ ಅಂಗಡಿ ಎಷ್ಟೊತ್ತಿಗೆ ತೆರದ್ರು?" ಮಕ್ಕಳಿಗೆ ಸುಳ್ಳು ಹೇಳಬಾರದೆಂದು ನಿಜ ಹೇಳಿದೆ, ಬೆಳಿಗ್ಗೆ ಎಂಟಕ್ಕೆ. ನನ್ನ ಫೋನ್ ಬಂದದ್ದು ಮಧ್ಯಾಹ್ನವೆಂದು ಅವಳಿಗೆ ಗೊತ್ತೇ ಇತ್ತು. ಆಮೇಲೆ ಅವಳು ಚೀಲ ತುಂಬಲಿಲ್ಲ.

ಕಾರ್ಡಿನ ಹಿಂಬದಿ ಓದಿಸಿಕೊಳ್ಳಿ, ಓದಬೇಕಾದ್ದೇ. ಆದರೆ ಮೋಸ ಹೋದ ದಿನ ಮೊದಲು ಮಗುವಿಗೆ ಫೋನ್ ಮಾಡಿ, ಜಗಳ ಆಮೇಲೆ ಇದ್ದೇ ಇರುತ್ತದೆ.

ಶಾಂತಾ ಈಗ ಹೈಸ್ಕೂಲು, ಅಕ್ಕನ ಮನೆಯಲ್ಲೇ. ಕೊಪ್ಪದಲ್ಲಿ ನನ್ನನ್ನು ಎಲ್ಲರೂ ಗದಗದಮ್ಮ ಎನ್ನುತ್ತಾರೆ. ರಜೆಗೆ ಹೋಗಿ ಮರಳುವಾಗ ಮಗಳು ಬಸ್ಸಿನ ಕಿಟಕಿಯ ತನಕ ಬರುತ್ತಾಳೆ, ನೀರಿನ ಬಾಟಲಿ ಕೊಡುತ್ತಾಳೆ, ನೆಂಟರಿಗೆ ಹೇಳುವಂತೆ ಹೇಳುತ್ತಾಳೆ: "ನಿಮ್ಮೂರು ಮುಟ್ಟಿದ ಮ್ಯಾಲೆ ಫೋನ್ ಮಾಡವ್ವಾ."