ಸ್ಕಾಟ್ಲೆಂಡಿನ ವಕೀಲನಿಗಾಗಿ ನೈರೋಬಿಗೆ

ಬೊಂಬಾಯಿಯಿಂದ ಆರು ಗಂಟೆ ಹಾರಿ ಸೋಮವಾರ ಬೆಳಿಗ್ಗೆ ನೈರೋಬಿಯಲ್ಲಿ ಇಳಿದಾಗ ಜುಲೈ ತಿಂಗಳ ಚಳಿ ಕೆನ್ನೆಗೆ ಹೊಡೆಯಿತು. ಆಫ್ರಿಕಾ ಎಂದರೆ ಕೆಂಡದಂಥ ಬಿಸಿಲು ಎಂದುಕೊಂಡು ನಾನು ತೆಳು ಅಂಗಿಗಳನ್ನೇ ತುಂಬಿಕೊಂಡು ಬಂದಿದ್ದೆ. ಕರೆದೊಯ್ಯಲು ಬಂದಿದ್ದ ಗೆಳೆಯ ಡಾಕ್ಟರ್ ನಾಗರಾಜ ನಕ್ಕು ತನ್ನ ಸ್ವೆಟರನ್ನೇ ಬಿಚ್ಚಿಕೊಟ್ಟ. "ಲಾ ಕಾಲೇಜ್ ಮೇಷ್ಟ್ರಿಗೆ ಅಟ್ಲಾಸ್ ನೋಡೋಕೆ ಟೈಮ್ ಸಿಗ್ಲಿಲ್ವೇನೋ?" ಎಂದ. ಸೌತ್ ಸಿ ಎಂಬ ಬಡಾವಣೆಯ ಅವನ ಮನೆಯಲ್ಲಿ ಬಿಸಿ ಉಪ್ಪಿಟ್ಟು ತಿಂದು ಸಂಜೆಯವರೆಗೆ ಮಲಗಿಬಿಟ್ಟೆ.

ನಾನು ಬಂದದ್ದು ಸಿಂಹ ನೋಡಲು ಅಲ್ಲ, ಒಂದು ಪುಸ್ತಕ ತರಲು. ತೊಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ಮೈಸೂರಿನಲ್ಲಿ ಕುಳಿತು ನಾನು ಮುನ್ನೂರು ವರ್ಷಗಳ ಹಿಂದಿನ ಒಬ್ಬ ಸ್ಕಾಟ್ಲೆಂಡಿನ ವಕೀಲನ ಬಗ್ಗೆ ಬರೆಯುತ್ತಿದ್ದೆ. ಯಾರು ಓದುತ್ತಾರೆ ಎಂದು ಹೆಂಡತಿ ಕೇಳಿದ್ದಳು. ಆತ ರಾಜನ ಪರ ವಾದಿಸಿ ಎಷ್ಟೋ ಜನರನ್ನು ಗಲ್ಲಿಗೆ ಕಳಿಸಿದವನು. ಅದೇ ಕೈಯಲ್ಲಿ ನೀತಿಯ ಬಗ್ಗೆ, ಏಕಾಂತದ ಬಗ್ಗೆ ಮೃದುವಾದ ಪ್ರಬಂಧಗಳನ್ನೂ ಬರೆದ. ಅವನ ಕಾನೂನಿನ ಗ್ರಂಥವನ್ನು ಓದಿದ್ದೆ, ಪ್ರಬಂಧಗಳು ಮಾತ್ರ ಸಿಕ್ಕಿರಲಿಲ್ಲ. ಅವುಗಳ ಹಳೆಯ ಪ್ರತಿ ನೈರೋಬಿಯ ನ್ಗಾರಾ ಬಡಾವಣೆಯ ನಿವೃತ್ತ ವಕೀಲ ಲೋಬೊ ಅವರ ಬಳಿ ಇದೆ, ತಕ್ಕವರು ಬಂದರೆ ಕೊಟ್ಟುಬಿಡುತ್ತಾರಂತೆ ಎಂದು ನಾಗರಾಜ ಕಾಗದ ಬರೆದಿದ್ದ. ನನ್ನ ಒಂದು ಅಧ್ಯಾಯವನ್ನು ಲೋಬೊ ಅವರಿಗೆ ಮೊದಲೇ ಅಂಚೆಯಲ್ಲಿ ಕಳಿಸಿದ್ದೆ. ಅದರಲ್ಲಿ ಆ ವಕೀಲ ಶುದ್ಧ ಕಪಟಿ ಎಂದು ತೀರ್ಪು ಕೊಟ್ಟಿದ್ದೆ.

ಮಂಗಳವಾರ ಮಟಾಟು ಹತ್ತಿದೆ. ಹದಿನಾಲ್ಕು ಜನ ಕೂರುವ ವ್ಯಾನಿನಲ್ಲಿ ಇಪ್ಪತ್ತು ಜನ, ಮೇಲೆ ಕಿವಿಗಡಚಿಕ್ಕುವ ಹಾಡು. ಪೇಟೆಯಲ್ಲಿ ಇಳಿದು ಇನ್ನೊಂದು ಮಟಾಟು ಹತ್ತಬೇಕು, ಎರಡಕ್ಕೂ ಸೇರಿ ಹತ್ತು ಶಿಲ್ಲಿಂಗ್. ನ್ಗಾರಾದ ಬಟ್ಟೆಯ ಸಗಟು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಲೋಬೊ ಅವರ ಮನೆ. ಮಂಗಳೂರು ಬಿಟ್ಟು ನಲವತ್ತು ವರ್ಷಗಳ ಮೇಲಾಗಿದ್ದರೂ ಅವರ ಕನ್ನಡ ಹಾಗೇ ಇತ್ತು.

"ನೀವು ಬರೆದದ್ದು ಓದಿದೆ. ಚಂದ ಉಂಟು," ಎಂದರು. "ಆದ್ರೆ ನನ್ನ ಆಫೀಸಲ್ಲಿ ಒಂದು ಕ್ರಮ ಇತ್ತು. ಜೂನಿಯರ್ ಯಾವ ಕೇಸು ತಂದ್ರೂ ಮೊದ್ಲು ಎದುರು ಪಾರ್ಟಿಯ ಪರ ನನ್ನ ಮುಂದೆ ವಾದ ಮಾಡ್ಬೇಕು. ನಾನು ಒಪ್ಪಿದ್ರೆ ಮಾತ್ರ ಫೈಲು ಮುಟ್ಲಿಕ್ಕೆ. ನೀವೀಗ ಈ ಮನುಷ್ಯನ ಪರ ವಾದ ಮಾಡಿ ಮಾರಾಯ್ರೆ."

ಹದಿನೈದು ವರ್ಷ ಪಾಠ ಮಾಡಿದ ಜಂಬದಲ್ಲಿ ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಕಾಲವೇ ಕ್ರೂರವಾಗಿತ್ತು, ರಾಜನ ಅಪ್ಪಣೆ ಮೀರುವಂತಿರಲಿಲ್ಲ ಎಂದೆಲ್ಲ ಹೇಳಿದೆ. ಲೋಬೊ ತಲೆಯಾಡಿಸಿದರು.

"ಇದು ವಾದ ಅಲ್ಲ, ಶ್ರದ್ಧಾಂಜಲಿ. ಪುಸ್ತಕ ಇಲ್ಲೇ ಕೂತು ಓದಿ. ಗುರುವಾರ ಪುನಃ ನೋಡುವ."

ಅವಮಾನವಾಯಿತು. ಮೆಟ್ಟಿಲಿಳಿಯುವಾಗ ಅವರ ಮೊಮ್ಮಗಳು ಶರನ್ ಜೊತೆಗೆ ಬಂದಳು. ನೈರೋಬಿಯಲ್ಲೇ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹಿ ವಾಸ್ ಎ ಪ್ರಾಸಿಕ್ಯೂಟರ್, ಅಂಕಲ್," ಎಂದಳು. ಬ್ರಿಟಿಷರ ಕಾಲದಲ್ಲಿ ಲೋಬೊ ಆರು ವರ್ಷ ಸರ್ಕಾರಿ ವಕೀಲರಾಗಿದ್ದರಂತೆ. ಸರ್ಕಾರದ ಪರವಾನಗಿ ಪಾಸ್ ಇಲ್ಲದೆ ಪೇಟೆಗೆ ಬಂದ ಬಡವರನ್ನು ಹಗಲು ಜೈಲಿಗೆ ಕಳಿಸುವುದು, ಸಂಜೆ ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥನೆ ಬರೆಯುವುದು. ಕೊನೆಗೆ ಕೆಲಸ ಬಿಟ್ಟರು. ಈಗ ಕಾನೂನು ಓದಿದ ಶರನ್‌ಗೆ ಅದೇ ಸರ್ಕಾರಿ ವಕೀಲಿಕೆ ಸಿಕ್ಕಿತ್ತು. ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಕೊಡಬೇಕು. ಅಜ್ಜ ಬೇಡ ಎನ್ನುತ್ತಿದ್ದರು, ಅವರ ಮನಸ್ಸು ನೋಯಿಸಿ ಹೋಗಲು ಅವಳಿಗೆ ಇಷ್ಟವಿರಲಿಲ್ಲ. ನಾನು ಮೈಸೂರಿನಲ್ಲಿ ಕೂತು ಯಾರಿಗೆ ಕಪಟಿ ಎಂದು ಬರೆದು ಕಳಿಸಿದ್ದೆನೋ ಆಗ ಅರ್ಥವಾಗಿ ಮುಖ ಬಿಸಿಯಾಯಿತು.

ಬುಧವಾರವಿಡೀ ಅವರ ಮನೆಯಲ್ಲಿ ಕೂತು ಪ್ರಬಂಧಗಳನ್ನು ಓದಿದೆ. ಮಧ್ಯಾಹ್ನ ಇಡ್ಲಿಯಂಥ ಸನ್ನ, ಮೀನು ಸಾರು ಬಂದವು. ಮೀನು ತಿನ್ನದ ನನಗೆ ಶರನ್ ಸುಕುಮ ಸೊಪ್ಪಿನ ಪಲ್ಯ ಮಾಡಿಕೊಟ್ಟಳು. ನಾನು ಹುಡುಕುತ್ತಿದ್ದದ್ದು ಪಶ್ಚಾತ್ತಾಪದ ಒಂದು ಸಾಲು. ಅಂಥದ್ದು ಎಲ್ಲಿಯೂ ಸಿಗಲಿಲ್ಲ.

ಗುರುವಾರ ಮತ್ತೆ ಎದ್ದು ನಿಂತೆ, ಈ ಸಲ ಜಂಬವಿರಲಿಲ್ಲ. "ಬರೀ ಕಪಟಿಯಾಗಿದ್ದರೆ ಒಳ್ಳೆಯ ಮಾತನ್ನೆಲ್ಲ ನೀತಿ ಪುಸ್ತಕದಲ್ಲಿಟ್ಟು ಸುಮ್ಮನಿರ್ತಿದ್ದ ಸಾರ್. ಕಾನೂನಿನ ಗ್ರಂಥದಲ್ಲೂ ಒಂದು ಕಡೆ, ಮಾಟಗಾತಿ ಅಂತ ಹಿಡಿದು ತರೋ ಬಡ ಹೆಂಗಸರಿಗೆ ತಮ್ಮ ಮೇಲಿನ ಆರೋಪವೇ ಅರ್ಥ ಆಗಿರಲ್ಲ, ಹುಷಾರು ಅಂತ ನ್ಯಾಯಾಧೀಶರಿಗೆ ಹೇಳಿದಾನೆ. ಅದನ್ನ ನಾನು ಓದಿಯೂ ದಾಟಿಬಿಟ್ಟಿದ್ದೆ. ಆ ಮಾತಿನಿಂದ ಒಬ್ಬಳಾದ್ರೂ ಮನೆಗೆ ಹೋಗಿರಬಹುದು. ಗಲ್ಲಿಗೆ ಹೋದೋರು ಇದರಿಂದ ವಾಪಸ್ ಬರಲ್ಲ, ಆ ಪಾಪದಿಂದ ಅವನನ್ನ ಬಿಡಿಸೋಕೆ ನನ್ನ ಕೈಲಾಗಲ್ಲ. ಆದ್ರೆ ಆ ಜಾಗದಲ್ಲಿ ಅಷ್ಟೂ ಮನಸ್ಸಿಲ್ಲದೋನು ಇದ್ದಿದ್ರೆ ಅವಳೂ ಗಲ್ಲಿಗೇ ಹೋಗ್ತಿದ್ಲು."

ಲೋಬೊ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. "ನಾನೂ ಇಬ್ಬರನ್ನು ಬಿಡಿಸಿದ್ದೆ," ಎಂದರು. "ಉಳಿದವರ ಮುಖ ಎಲ್ಲ ನೆನಪುಂಟು." ಆಮೇಲೆ ಶರನ್ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಅವಳು ಎದ್ದುಹೋಗಿ ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ತಂದು ಅವರ ಮುಂದೆಯೇ ಸಹಿ ಹಾಕಿದಳು.

"ನೀವು ಗೆದ್ರಿ ಮಾರಾಯ್ರೆ. ಆದ್ರೆ ಪುಸ್ತಕ ಇವಳಿಗೆ ಕೊಡ್ತೇನೆ, ಇನ್ನು ಆ ಜಾಗದಲ್ಲಿ ಕೂರುವವಳು ಇವಳಲ್ವಾ. ಬೇಜಾರು ಮಾಡ್ಬೇಡಿ."

ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಮುದ್ರ ದಾಟಿ ಬಂದಿದ್ದು ಅದಕ್ಕೇ. ಜೆರಾಕ್ಸ್ ಮಾಡಿಸಲು ಹೋದರೆ ಹಳೆಯ ಹೊಲಿಗೆ ಬಿಚ್ಚುವಂತಿತ್ತು. ಶುಕ್ರವಾರ, ಶನಿವಾರ ಎರಡೂ ದಿನ ಬೆರಳು ನೋಯುವಷ್ಟು ಕೈಯಲ್ಲೇ ನಕಲು ಮಾಡಿಕೊಂಡೆ. ಮೈಸೂರಿಗೆ ಹೋದ ಮೇಲೆ ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆಯಬೇಕೆಂದೂ ನಿಶ್ಚಯಿಸಿದೆ. ಅಷ್ಟಾದ ಮೇಲೆ ಯಾಕೋ ಮನಸ್ಸು ಹಗುರವಾಯಿತು.

ಭಾನುವಾರ ಶರನ್ ತಾನೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟಳು. ಮೋಡ ಸರಿದು ಆ ವಾರದಲ್ಲಿ ಮೊದಲ ಬಾರಿಗೆ ಬಿಸಿಲು ಬಿದ್ದಿತ್ತು. "ಅಸಾಂಟೆ, ಅಂಕಲ್," ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಕೈ ಕುಲುಕಿದಳು. ಆಮೇಲೆ ತಡೆಯಲಾರದೆ ನಕ್ಕು, ತನ್ನ ಮೊದಲ ಕೇಸಿನ ದಿನ ಅಜ್ಜ ಕೋರ್ಟಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರಂತೆ ಎಂದಳು. ನಿವೃತ್ತರಾದ ಮೇಲೆ ಅವರು ಕೋರ್ಟಿನ ಕಡೆ ತಲೆ ಹಾಕಿದ್ದೇ ಇಲ್ಲವಂತೆ. ಹಳೆಯ ಕಪ್ಪು ಕೋಟು ಈಗ ಸಡಿಲವಾಗಿದೆ ಎಂದು ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಬಂದವರೇ ಚಿಕ್ಕದು ಮಾಡಲು ಕೆಳಗಿನ ದರ್ಜಿಗೆ ಕೊಟ್ಟಿದ್ದಾರಂತೆ.