ಅಮಾವಾಸ್ಯೆಯ ದಿನದ ಮನೆಪಟ್ಟಿ

ಈ ಬರಹದಲ್ಲಿ ಲೋಪಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲನೆಯವಳು. ಬರೆದದ್ದನ್ನು ಎರಡೆರಡು ಸಲ ತಿದ್ದುವ ಅಭ್ಯಾಸ ನನಗಿದೆ. ಆದರೂ ನಮ್ಮ ಓಣಿಯ ವಿಷಯ ಬಂದಾಗ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಈಗಲೂ ಸರಿಯಾಗಿ ತಿಳಿಯದು.

ಬಸವಕಲ್ಯಾಣ ದೊಡ್ಡ ಊರೇನಲ್ಲ. ಹೆದ್ದಾರಿ ಊರೊಳಗೆ ಬರುವುದಿಲ್ಲ. ಬಂಗ್ಲಾ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕು. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಹುಮನಾಬಾದ್. ನನ್ನ ಅಪ್ಪ ಅಲ್ಲಿಯ ಧಾನ್ಯದ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಕಾಕಾ, ಅಂದರೆ ಅಪ್ಪನ ತಮ್ಮ, ಔಷಧಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ನಮ್ಮ ಓಣಿ ಕೋಟೆಯ ಸಮೀಪದ ಹಳೆಯ ಓಣಿಗಳಲ್ಲಿ ಒಂದು. ಕೆಂಪು ಕಲ್ಲಿನ ಗೋಡೆಗಳು, ಅವುಗಳ ಮೇಲೆ ಈಚಿನ ತಗಡಿನ ಮಾಡುಗಳು. ಹೊಲಕ್ಕೆ ಹೋಗುವವರು, ಹೊಲಿಗೆಯವರು, ಕಿರಾಣಿಯವರು ಒಂದೇ ಗೋಡೆಯ ಆಚೆ ಈಚೆ ಇದ್ದಾರೆ.

ಆ ವರ್ಷ ನಾನು ಸಮೀಪದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಜನಗಣತಿಗಾಗಿ ಮನೆಪಟ್ಟಿ ತಯಾರಿಸುವ ಕೆಲಸ ಬಂದಾಗ ನಮ್ಮ ಓಣಿಯನ್ನೇ ನನಗೆ ವಹಿಸಿದರು. ಮೊದಲು ನಕ್ಷೆ ಬರೆಯಬೇಕು. ವಾಯವ್ಯ ಮೂಲೆಯಿಂದ ಮನೆಗಳಿಗೆ ಸಂಖ್ಯೆ ಕೊಡುತ್ತ ಹೋಗಬೇಕು. ನಮ್ಮಲ್ಲಿ ಯಾರೂ ವಾಯವ್ಯ ಎನ್ನುವುದಿಲ್ಲ. ಕೋಟೆ ಕಡೆ, ಕೆರೆ ಕಡೆ, ಬಂಗ್ಲಾ ಕಡೆ ಎನ್ನುತ್ತಾರೆ. ಮೊಬೈಲಿನಲ್ಲಿ ದಿಕ್ಕು ನೋಡುತ್ತ ಬೀದಿಯ ನಡುವೆ ಸುತ್ತು ತಿರುಗುತ್ತಿದ್ದ ನನ್ನನ್ನು ಕಂಡು ಪಕ್ಕದ ಮನೆಯ ಖಾಲಾ ಬಾಗಿಲಲ್ಲೇ ನಕ್ಕರು.

"ಏನ್ ಬೇಟಾ, ಹುಟ್ಟಿದ ಓಣ್ಯಾಗ ದಾರಿ ತಪ್ಪೀದಿ?"

ಕುಟುಂಬವನ್ನು ಗುರುತಿಸುವುದಕ್ಕೆ ಮೇಲ್ವಿಚಾರಕರು ಹೇಳಿಕೊಟ್ಟ ನಿಯಮ ಸರಳವಾಗಿತ್ತು: ಒಂದು ಅಡುಗೆಗೆ ಒಂದು ಕುಟುಂಬ. ಸೂರು ಒಂದೇ ಇದ್ದರೂ ಒಲೆ ಎರಡಿದ್ದರೆ ಎರಡು ಕುಟುಂಬ. ತಪ್ಪಾದರೆ ಕೆಲಸ ಹೋಗಬಹುದೆಂಬ ಭಯದಿಂದ ಆ ಮಾತನ್ನು ನನ್ನ ವಹಿಯ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ.

ನಮ್ಮ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಂದು ಅಮಾವಾಸ್ಯೆ. ಮನೆಯಲ್ಲಿ ಅಂಗಳ ಒಂದು, ಒಲೆ ಎರಡು. ಅಪ್ಪನೂ ಕಾಕಾನೂ ಬೇರೆಯಾಗಿ ಬಹಳ ವರ್ಷಗಳಾಗಿದ್ದವು. ಅವರ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಬೇರೆಯಾದಾಗ ಹಿರಿಯರು ಕೂಡಿ ಅವಳಿಗೆ ಪಾಳಿ ಹಚ್ಚಿದ್ದರು: ಒಂದು ತಿಂಗಳು ದೊಡ್ಡ ಮಗನಲ್ಲಿ ಊಟ, ಒಂದು ತಿಂಗಳು ಸಣ್ಣ ಮಗನಲ್ಲಿ. ಅಮಾವಾಸ್ಯೆಗೆ ಪಾಳಿ ತೀರುತ್ತದೆ. ಮರುದಿನ ಆಯಿಯ ತಾಟು, ಲೋಟ, ಕೌದಿ ಅಂಗಳ ದಾಟುತ್ತವೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಈ ಪದ್ಧತಿ ಇದೆ. ಇದರಲ್ಲಿ ವಿಚಿತ್ರವಿದೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಅವ್ವನನ್ನು ಕೇಳಿದೆ. ಅವಳು ಹೇಳಿದಂತೆ ಅಪ್ಪ, ಅವ್ವ, ನಾನು, ನನ್ನ ತಂಗಿ ಎಂದು ಬರೆದೆ. ಅಂಗಳ ದಾಟಿ ಕಾಕಾನ ಹೆಂಡತಿ ಕಾಕುವನ್ನು ಕೇಳಿದೆ. ಅವಳು ಕಾಕಾ, ತಾನು, ಇಬ್ಬರು ಮಕ್ಕಳು ಎಂದಳು. ಬರೆದೆ. ಅಕ್ಷರಗಳು ದುಂಡಗಾಗಿ ಬಂದಿದ್ದವು. ಓಣಿಯ ಕೆಲಸ ಮುಗಿಯಿತೆಂಬ ಸಮಾಧಾನದಲ್ಲಿ ಕಟ್ಟೆಯ ಮೇಲೆ ಕೂತೆ. ಆಯಿ ಅಲ್ಲಿಯೇ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಏನೇನ್ ಬರದಿ, ಜರಾ ಓದ ನೋಡಮು," ಎಂದಳು.

ನಾನು ಎರಡು ಕುಟುಂಬಗಳನ್ನೂ ಸ್ಪಷ್ಟವಾಗಿ ಓದಿದೆ.

"ಇಷ್ಟ ಏನು?"

"ಇಷ್ಟ ಆಯಿ. ಎಂಟು ಮಂದಿ."

ಆಯಿ ಮೊರವನ್ನೊಮ್ಮೆ ಕೇರಿದಳು. "ಮತ್ತ ಈ ತೊಗರಿ ಯಾರು ಹಸನ ಮಾಡಾಕತ್ತಾರವ್ವ?"

ಅವಳ ಪಕ್ಕದಲ್ಲಿ ಮಲಗಿ ಬೆಳೆದವಳು ನಾನು. ಅವಳಿಲ್ಲದ ಪಟ್ಟಿಯನ್ನು ಅವಳಿಗೇ ಓದಿ ಹೇಳಿದ್ದೆ.

ಅವ್ವನನ್ನು ಕರೆದೆ. "ಇವತ್ತಿಗಿ ನಮ್ಮ ತಿಂಗಳಾ ತೀರ್ತಲ್ಲ, ಅದಕ್ಕ ಹೇಳಲಿಲ್ಲ. ಆ ಕಡಿ ಬರಿ," ಎಂದಳು ಅವ್ವ.

ಕಾಕು ಒಳಗಿನಿಂದಲೇ ಕೂಗಿದಳು: "ನಮ್ಮ ಪಾಳಿ ನಾಳಿಂದ ರೀ ಅಕ್ಕಾ. ಬರಾಬರ್ ಮಾತಾಡ್ರಿ."

"ನಾ ಬರಾಬರೇ ಮಾತಾಡಾಕತ್ತೀನಿ. ಹೋದ ಸಲ ಒಂದಿನ ಹೆಚ್ಚಿಗಿ ನಾನೇ ಉಣಿಸೀನಿ."

ಖಾಲಾ ಗೋಡೆಯ ಮೇಲಿಂದ ಇಣುಕಿದರು. "ಜಗಳ ಯಾಕ್ರಿ? ಮುಂಜಾನಿ ಆಯಿ ಚಾ ಕುಡದಿದ್ದು ನಮ್ಮ ಮನ್ಯಾಗ. ನಮ್ಮ ಪಟ್ಟ್ಯಾಗ ಬರ್ಕೊ ಬೇಟಾ, ನಮಗ ಒಬ್ಬರು ಹೆಚ್ಚಾದ್ರ ಬರ್ಕತ್ತೇ ಆಗ್ತದ."

ನಾನು ಒಲೆಯ ನಿಯಮವನ್ನು ಅವರಿಗೆಲ್ಲ ಹೇಳಿ, ತಪ್ಪಾಗಬಾರದೆಂದು ಆಯಿಯನ್ನೇ ಕೇಳಿದೆ: "ಆಯಿ, ಇವತ್ತ ನೀ ಎಲ್ಲಿ ಉಂಡಿ?"

"ಎಲ್ಲೂ ಇಲ್ಲ."

ಅಮಾವಾಸ್ಯೆಗೆ ಆಯಿ ಉಣ್ಣುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅದು ದೇವರ ವ್ರತವೆಂದೇ ತಿಳಿದಿದ್ದೆವು. ನಾನು ಹಾಗೆಂದಾಗ ಆಯಿ ಮೊರ ಕೆಳಗಿಟ್ಟಳು.

"ಯಾವ ವ್ರತ ಇಲ್ಲವ್ವ. ಈ ಕಡಿ ಉಂಡ್ರ ತಿಂಗಳಾ ತೀರಿದ ಮ್ಯಾಲೂ ಕುಂತಾಳ ಅಂತಾರ. ಆ ಕಡಿ ಉಂಡ್ರ ದಿನಾ ತುಂಬೂದ್ರಾಗ ಬಂದ್ಲು ಅಂತಾರ. ಅದಕ್ಕ ನಾನೇ ಉಪವಾಸ ಹಿಡದೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಬರುವ ಹೊತ್ತು ಹೇಳುವಂತೆ ಹೇಳಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಕಾಕು ಹೊಸ್ತಿಲಿಗೆ ಬಂದವಳು ಅಲ್ಲಿಯೇ ಕುಳಿತಳು. "ನನ್ನ ಕಡಿನೇ ಬರಿ," ಎಂದು ಮೊದಲು ಅವಳು, ಅವಳ ಹಿಂದೆಯೇ ಅವ್ವ ಹೇಳಿದರು. ಈಗ ಇಬ್ಬರೂ ಆಯಿಯನ್ನು ತಮ್ಮ ಕಡೆಗೇ ಕೇಳುತ್ತಿದ್ದರು. ನಾನು ಯಾರ ಪುಟದಲ್ಲಿ ಬರೆದರೂ ಇನ್ನೊಬ್ಬರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಎರಡೂ ಕಡೆ ಬರೆದರೆ ಪಟ್ಟಿಯೇ ಸುಳ್ಳಾಗುತ್ತಿತ್ತು.

"ಒಲಿ ಇದ್ದಲ್ಲಿ ಮನಿ ಅಂತ ಅಂದಿ ಹೌದಿಲ್ಲ?" ಎಂದು ಆಯಿ ಕೇಳಿದಳು.

"ಹೌದ ಆಯಿ."

ಅವಳು ಎದ್ದು ಬಚ್ಚಲ ಹಿಂದೆ ಬಿದ್ದಿದ್ದ ಮೂರು ಕಲ್ಲು ತಂದು ಅಂಗಳದ ಕೋಟೆ ಕಡೆಯ ಮೂಲೆಯಲ್ಲಿ ಇಟ್ಟಳು. ನಾನು ಹಿಡಿಯಹೋದರೆ ಕೈ ಸರಿಸಿದಳು.

"ಆಯಿ, ಮಂದಿ ಏನಂದಾರು?" ಎಂದಳು ಅವ್ವ.

"ಮಂದಿ ಒಲಿ ಹಚ್ಚಿಕೊಡಾಂಗಿಲ್ಲ. ಕಡ್ಡಿಪೆಟಗಿ ಕೊಡು." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಸುಳ್ಳ ಬರೀಬ್ಯಾಡ. ನಾ ಖರೇ ಮಾಡ್ತೀನಿ, ನೋಡಿ ಬರಿ."

ತೊಗರಿ ಕಡ್ಡಿ ಬೇಗ ಹೊತ್ತಿಕೊಂಡಿತು. ಯಾರೂ ಕೇಳದೆಯೇ ಕಾಕು ಪಾತ್ರೆ ತಂದಿಟ್ಟಳು. ಅವ್ವ ಜೋಳದ ನುಚ್ಚು ತಂದಳು. ನುಚ್ಚು ಬೇಯುವವರೆಗೂ ನಾನು ಬರೆಯಲಿಲ್ಲ. ಆಯಿ ತಾಟಿಗೆ ಹಾಕಿಕೊಂಡು, ಊದಿ, ಮೊದಲ ತುತ್ತು ಉಂಡ ಮೇಲೆ ಮೂರನೆಯ ಕುಟುಂಬವೆಂದು ಬರೆದೆ. ಯಜಮಾನರ ಹೆಸರಿನ ಜಾಗದಲ್ಲಿ ಆಯಿಯ ಪೂರ್ಣ ಹೆಸರು ಬರೆಯಬೇಕಾಗಿತ್ತು. ಅದು ಏನೆಂದು ನಾನು ಅವಳನ್ನೇ ಕೇಳಬೇಕಾಯಿತು.

ಸಂಜೆ ಅಪ್ಪ ಮತ್ತು ಕಾಕಾ ಹುಮನಾಬಾದಿನಿಂದ ಒಂದೇ ಬಸ್ಸಿಗೆ ಬಂದರು. ಅಂಗಳದಲ್ಲಿ ಒಲೆ ಕಂಡು ಅಪ್ಪ ನಿಂತುಬಿಟ್ಟ. "ಇದೇನವ್ವ, ನಾವ್ ಸತ್ತೀವೇನು?" ಎಂದ.

"ನೀವ್ ಅದೀರಿ. ನಾನೂ ಅದೀನಿ," ಎಂದಳು ಆಯಿ. "ಕೈಕಾಲ್ ತೊಳ್ಕೊಂಡ ಬರ್ರಿ."

ಮೇಲ್ವಿಚಾರಕರು ಮರುದಿನ ಪರಿಶೀಲನೆಗೆ ಬಂದರು. ಮೂರು ಒಲೆಗಳನ್ನು ನೋಡಿ, ಪಟ್ಟಿಯಲ್ಲಿ ತಿದ್ದುವುದೇನೂ ಇಲ್ಲವೆಂದು ಸಹಿ ಹಾಕಿದರು.

ಆ ದಿನದಿಂದ ನಮ್ಮ ಮನೆಯಲ್ಲಿ ತಿಂಗಳ ಪಾಳಿ ನಿಂತಿತು. ಆಯಿ ಮುಂಜಾನೆಯ ರೊಟ್ಟಿಯನ್ನು ತಾನೇ ಬಡಿದುಕೊಳ್ಳುತ್ತಾಳೆ; ಪಲ್ಯ ಎರಡೂ ಕಡೆಯಿಂದ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಅಪ್ಪನೂ ಕಾಕಾನೂ ಸೇರಿ ಆ ಮೂಲೆಗೆ ತಗಡು ಹೊದಿಸಿದರು. ಅಮಾವಾಸ್ಯೆಗೆ ಆಯಿ ಈಗ ಉಪವಾಸ ಇರುವುದಿಲ್ಲ.