ಹೊಟ್ಟಿನ ಕರಿ ಮತ್ತು ನನ್ನ ಮೊದಲ ಮಾತು

ಅದು ಐವತ್ತೆಂಟನೇ ಇಸವಿ. ಸೊರಬದ ಕಡೆ, ಚಂದ್ರಗುತ್ತಿ ಹತ್ತಿರದ ನಮ್ಮೂರಿನಿಂದ ನನ್ನನ್ನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಮಾವ ಪಡಸಾಲೆಗೆ ಬಂದರೆ ನಾನು ಒಳಗೆ. ಏನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಮೊದಲೇ ನಾನು ಹಗಲುಗನಸಿನವಳು. ಮಾತು ಕಡಿಮೆಯಾದ ಹಾಗೆ ಕನಸು ಹೆಚ್ಚಾಯಿತು.

ಯುಗಾದಿ ಕಳೆದು ಒಂದು ದಿನ ಅತ್ತೆ ತವರಿಗೆ ಹೊರಟರು. "ಹಲ್ಲುಪುಡಿ ತೀರೈತಿ. ಒಂದು ಮೊರ ಹೊಟ್ಟು ಸುಟ್ಟು ಕರಿ ಮಾಡಿಡು. ಬೂದಿ ಆಗೋ ತನಕ ಬಿಡಬ್ಯಾಡ, ನೀರು ಚಿಮುಕಿಸು" ಎಂದರು. ಆಗ ನಾವು ಹಲ್ಲುಜ್ಜುತ್ತಿದ್ದುದೇ ಭತ್ತದ ಹೊಟ್ಟಿನ ಕರಿಯಲ್ಲಿ. ಕೊಟ್ಟಿಗೆ ಗೋಡೆಯ ಮಣ್ಣಿಗೆ ಕಲಸಲೆಂದು ಆನವಟ್ಟಿ ಕಡೆಯಿಂದ ತರಿಸಿದ್ದ ಎರಡು ಗಾಡಿ ಹೊಟ್ಟು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಮೊರದಲ್ಲಿ ಹೊತ್ತು ದೂರ ಒಯ್ಯಲು ಸೋಮಾರಿತನ ಬಂದು ರಾಶಿಯ ಅಂಚಿಗೇ ಕೆಂಡ ಇಟ್ಟು ಕೂತೆ.

ಹೊಟ್ಟು ಧಗಧಗ ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ತೆಳ್ಳನೆಯ ನೀಲಿ ಹೊಗೆ ಎದ್ದು ಬೇಲಿಯ ಮೇಲೆ ನಿಂತಿತು. ನೋಡುತ್ತ ನೋಡುತ್ತ ಅದು ನಮ್ಮೂರ ಗುಡ್ಡದ ಮಂಜಾಯಿತು. ನನ್ನ ತಂಗಿ ದನ ಹೊಡೆದುಕೊಂಡು ಆ ಮಂಜಿನಲ್ಲಿ ಬರುತ್ತಿದ್ದಳು, ಗಂಟೆಯ ಸದ್ದು ಕೂಡ ಕೇಳಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಪಾದಕ್ಕೆ ಬಿಸಿ ತಾಗಿ ಎಚ್ಚರವಾದಾಗ ರಾಶಿಗೆ ರಾಶಿಯೇ ಕಪ್ಪಾಗಿತ್ತು.

ಕೊಡಗಟ್ಟಲೆ ನೀರು ಸೇದಿ ಸುರಿದೆ. ಗಂಡಸರು ಶಿಕಾರಿಪುರದ ಸಂತೆಗೆ ಹೋಗಿದ್ದರು. ಅವರು ಬರುವುದರೊಳಗೆ ಹಲ್ಲುಪುಡಿಗೆ ಬೇಕಾದಷ್ಟು ಎತ್ತಿಟ್ಟು, ಉಳಿದ ಕರಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು, ಹಿತ್ತಲ ಆಚೆ ಉತ್ತು ಬಿಟ್ಟಿದ್ದ ಸಸಿಮಡಿಯ ಒಂದು ಅಂಚಿಗೆ ಸುರಿದು, ಸಗಣಿ ಗೊಬ್ಬರ ಎಳೆದು ಮಣ್ಣು ಮುಚ್ಚಿದೆ. ಗಂಡಸರು ಹಿತ್ತಲ ಕಡೆ ತಲೆ ಹಾಕುವ ಮೊದಲೇ ಒಂದು ಅಡ್ಡಮಳೆ ಬಂತು. ಅತ್ತೆ ವಾಪಸು ಬಂದು ಹೊಟ್ಟಿನ ರಾಶಿ ಎಲ್ಲಿ ಎಂದು ಕೇಳಿದಾಗ, ಮಳೆಗೆ ಕೊಚ್ಚಿಹೋಯಿತು ಎಂದೆ. ಸುಳ್ಳು ಹೇಳಿ ಎರಡು ದಿನ ಊಟ ಸೇರಲಿಲ್ಲ.

ಮೃಗಶಿರಾ ಮಳೆಗೆ ಅದೇ ಮಡಿಯಲ್ಲಿ ಭತ್ತದ ಸಸಿ ಹಾಕಿದರು. ಆರಿದ್ರಾ ಕೈಕೊಟ್ಟಿತು. ಬಾವಿಯ ನೀರು ಮನೆಗೇ ಸಾಲದು. ಮಡಿಯ ಸಸಿ ಹಳದಿಗೆ ತಿರುಗಿ ಸುರುಳಿ ಸುತ್ತಿಕೊಂಡಿತು. ಬೇಲಿಯ ಪಕ್ಕದ ಒಂದು ಪಟ್ಟೆ ಮಾತ್ರ ಹಸಿರಾಗಿತ್ತು. ಮಧ್ಯಾಹ್ನದ ಝಳದಲ್ಲಿ ಅದು ನೆಲ ಬಿಟ್ಟು ತೇಲಿದ ಹಾಗೆ ಕಾಣುತ್ತಿತ್ತು. ಕೈ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಆ ಪಟ್ಟೆಯ ಮಾತು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು.

ಮಾವ ಅದಕ್ಕೆ ಬೇರೆಯೇ ಅರ್ಥ ಮಾಡಿದರು. "ಇದರ ಕೆಳಗೆ ನೀರಿನ ಸೆಲೆ ಐತಿ. ಬಾವಿ ತೋಡಬೇಕು" ಎಂದು ಸೆಲೆ ನೋಡುವವನನ್ನು ಕರೆಸಿದರು. ಅವನು ಕವಲು ಕಡ್ಡಿ ಹಿಡಿದು ಮಡಿಯೆಲ್ಲ ನಡೆದ. ಸರಿಯಾಗಿ ಆ ಪಟ್ಟೆಯ ಮೇಲೆ ಕಡ್ಡಿ ಬಾಗಿತು.

"ಇಲ್ಲೇ ಅಗೀರಿ ಗೌಡ್ರ" ಎಂದ.

ಆಳುಗಳು ಸನಿಕೆ ಎತ್ತಿಕೊಂಡರು. ಮೊದಲ ಏಟಿಗೆ ಹೋಗುವುದು ಆ ಸಸಿಯೇ. ಮಳೆ ತಿರುಗಿ ಬಂದರೆ ಗದ್ದೆಗೆ ನೆಡಲು ನಮಗೆ ಉಳಿದಿದ್ದುದು ಅದೊಂದೇ. ಮತ್ತೆ ಬಿತ್ತಲು ಬೀಜವೂ ಇರಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆಗೆ ಹೇಳೋಣವೆಂದರೆ ಅವರು ನೀರಿಗೆ ಹೋಗಿದ್ದರು. ನಾನು ಸೆರಗು ಎಳೆದುಕೊಂಡು ನೇರ ಮಡಿಗೆ ಇಳಿದೆ.

"ಅಗೀಬೇಡಿ. ಅಲ್ಲಿ ಸೆಲೆ ಇಲ್ಲ. ಹೊಟ್ಟಿನ ರಾಶಿ ನನ್ನ ಕೈಯಿಂದ ಸುಟ್ಟುಹೋತು. ಕರಿ ತಂದು ಇಲ್ಲಿ ಹೂತೆ. ಅತ್ತೆಗೆ ಸುಳ್ಳು ಹೇಳಿದೆ."

ಆಳುಗಳು ಎತ್ತಿದ ಸನಿಕೆ ಕೆಳಗಿಳಿಸಿದರು. "ನನ್ನ ಕಡ್ಡಿ ಸುಳ್ಳಾಡಂಗಿಲ್ರಿ" ಎಂದು ಸೆಲೆಯವನು ಗೊಣಗಿದ.

ಮಾವ ಕುಕ್ಕರಗಾಲಲ್ಲಿ ಕೂತು ಸಸಿಯ ಬುಡಕ್ಕೆ ಬೆರಳಿಟ್ಟು ಕೆದಕಿದರು. ಗೇಣು ಕೆಳಗೆ ಮಣ್ಣು ಕಪ್ಪಾಗಿ, ತಣ್ಣಗೆ ಇತ್ತು. ಹಿಡಿ ಕಟ್ಟಿದರೆ ಉಂಡೆಯಾಯಿತು. ಪಕ್ಕದ ಬೋಳು ಮಣ್ಣು ಹಿಡಿದರು, ಪುಡಿಯಾಗಿ ಉದುರಿತು.

"ನಿನ್ನ ಕಡ್ಡಿ ಸುಳ್ಳಾಡಿಲ್ಲ ಬಿಡು" ಎಂದರು ಅವನಿಗೆ. "ನೀರು ಐತಿ. ಆದ್ರ ಒಂದು ಗೇಣಿನಾಗೇ ಐತಿ, ಕರಿ ಹಿಡಕೊಂಡೈತಿ."

ಆಮೇಲೆ ನನ್ನ ಕಡೆ ತಿರುಗಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದ್ದೆ.

"ಬಂದು ವರ್ಷ ಆಗ್ತಾ ಬಂತು, ನಿನ್ನ ದನಿ ಹ್ಯಾಂಗೈತಿ ಅಂತ ನಂಗೆ ಗೊತ್ತಿರಲಿಲ್ಲ ತಾಯಿ. ಎಷ್ಟು ಬುಟ್ಟಿ ಹಾಕಿದಿ, ಹೇಳು" ಎಂದರು.

ಹೇಳಿದೆ. ಅವರು ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ. ಅತ್ತೆ ಬಂದು ಕೊಡ ಸೊಂಟದಲ್ಲೇ ಇಟ್ಟುಕೊಂಡು ಬೆರಗಾಗಿ ನಿಂತರು. ಸುಳ್ಳಿಗೆ ಅವರಿಂದ ಬೈಗುಳ ಬಿತ್ತು, ಅದು ಬೇರೆ.

ಹತ್ತು ದಿನಕ್ಕೆ ಮಳೆ ಹಿಡಿಯಿತು. ಆ ಪಟ್ಟೆಯ ಸಸಿ ಅರ್ಧ ಗದ್ದೆಗೆ ಆಯಿತು, ಆ ವರ್ಷ ಉಂಡದ್ದು ಅದನ್ನೇ. ಮುಂದೆ ಪ್ರತಿ ಬೇಸಿಗೆ ಮಾವನೇ ಹೊಟ್ಟು ತರಿಸಿ, ಸುಡುವಾಗ ಪಕ್ಕದಲ್ಲಿ ಕೂತು ನನ್ನನ್ನು ಮಾತಾಡಿಸುತ್ತಿದ್ದರು, ಮತ್ತೆ ಕನಸಿಗೆ ಜಾರಿಯಾಳು ಎಂದು. ಈಗ ಅವರಿಲ್ಲ. ಅವತ್ತು ಅಂಜಿ ಬಾಗಿಲಲ್ಲೇ ನಿಂತಿದ್ದರೆ ಸಸಿಯ ಜೊತೆ ಅಂಥ ಒಬ್ಬ ಮನುಷ್ಯನನ್ನೂ, ಒಂದೇ ಸೂರಿನ ಕೆಳಗಿದ್ದುಕೊಂಡೇ, ನಾನು ಕಳೆದುಕೊಳ್ಳುತ್ತಿದ್ದೆ.